ದಾವಣಗೆರೆಯಲ್ಲಿ ಮಾರಾಟಕ್ಕಿರುವ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೇವಲ 31,000 ಕಿ.ಮೀ. ಓಡಿದೆ. ಕೊಳ್ಳಬಹುದೇ?

ಕೊಳ್ಳಿ. ಆದರೆ 31,000 ಎಂಬ ಅಂಕಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ನೀವು ಬರೆದಿರುವ ಪ್ರಕಾರ ಕಾರು ಎಂಸಿಸಿ ‘ಬಿ’ ಬ್ಲಾಕ್‌ನ ಮನೆಯೊಂದರ ತಗಡಿನ ಶೆಡ್ಡಿನಲ್ಲಿ ಆರೇಳು ವರ್ಷಗಳಿಂದ ನಿಂತಿದೆ. ಮಾಲೀಕರು ಮಗಳ ಬಳಿ ವಿದೇಶಕ್ಕೆ ಹೋಗಿದ್ದಾರೆ. “ಗಾಡಿ ಓಡಿಯೇ ಇಲ್ಲ, ಹೊಸದರಂತಿದೆ” ಎಂದು ಅವರ ತಮ್ಮ ಹೇಳುತ್ತಿದ್ದಾರೆ. ಆ ಮಾತಿನ ಮೊದಲರ್ಧ ನಿಜವಿರಬಹುದು. ಎರಡನೆಯ ಅರ್ಧವನ್ನು ಮಾತ್ರ ನಂಬಬೇಡಿ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ಏಳು ಬೇಸಿಗೆ ಬೆಂದ ರಬ್ಬರು ಹೊಸದಾಗಿ ಉಳಿದಿರುವುದಿಲ್ಲ.

ನನ್ನದೂ ಇದೇ ಕಾರು, 2004ರದ್ದು. ಎಂಟು ವರ್ಷಗಳಿಂದ ನನ್ನ ಬಳಿ ಇದೆ. 1.8 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್, ಒಂದೊಂದು ಸಿಲಿಂಡರಿಗೆ ಐದು ವಾಲ್ವ್, 150 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಸ್ಕೋಡಾದವರು ಔರಂಗಾಬಾದಿನಲ್ಲಿ ಜೋಡಿಸುತ್ತಿದ್ದ ಈ ಕಾರು ಬಂದಾಗ ನಮ್ಮಲ್ಲಿ ಪೆಟ್ರೋಲ್ ಕಾರಿನಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಬಲು ಅಪರೂಪ. ಈಗ ಸಣ್ಣ ಕಾರುಗಳಲ್ಲೂ ಟರ್ಬೊ ಇದೆ, ಒಪ್ಪುತ್ತೇನೆ. ಆದರೂ ಬೆಳಗಿನ ಐದೂವರೆಗೆ ಹೆದ್ದಾರಿ 48 ಖಾಲಿಯಿರುವಾಗ, ಮೂರನೇ ಗೇರಿನಲ್ಲಿ, ಎಂಜಿನ್ ಸುತ್ತು ತೋರಿಸುವ ಮುಳ್ಳು ಎರಡು ಸಾವಿರ ದಾಟುತ್ತಿದ್ದಂತೆ ಈ ಕಾರು ಬೆನ್ನನ್ನು ಸೀಟಿಗೆ ಒತ್ತಿಹಿಡಿದು ಮುಂದಕ್ಕೆ ಹೋಗುವ ಪರಿ ನನಗೆ ಇನ್ನೂ ಹಳತಾಗಿಲ್ಲ. ಸ್ಟೀರಿಂಗ್ ಹಿಡಿದ ಕೈಗೆ ರಸ್ತೆ ಹೇಗಿದೆ ಎಂಬುದು ತಿಳಿಯುತ್ತಿರುತ್ತದೆ. ಅದಕ್ಕೇ ‘ಕೊಳ್ಳಿ’ ಎಂದೆ.

ನಾನು ಕೊಂಡಾಗ ನನ್ನ ಕಾರು ಓಡಿದ್ದು 38,000 ಕಿ.ಮೀ. ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಹಲ್ಲಿನ ಪಟ್ಟಿ, ಟೈಮಿಂಗ್ ಬೆಲ್ಟ್, ನೋಡಿದೆ. ಸವೆದಿರಲಿಲ್ಲ, ಹಲ್ಲುಗಳೆಲ್ಲ ನೆಟ್ಟಗಿದ್ದವು. ಬದಲಿಸುವುದು ಬೇಡ ಎಂದು ನಾನೇ ತೀರ್ಮಾನಿಸಿದೆ. ನಾಲ್ಕನೇ ತಿಂಗಳು, ಬೆಂಗಳೂರಿಗೆ ಹೋಗುವಾಗ, ಚಿತ್ರದುರ್ಗ ದಾಟಿ ಐಮಂಗಲದ ಹತ್ತಿರ ಎಂಜಿನ್ ಏನೂ ಸದ್ದು ಮಾಡದೆ ನಿಂತುಬಿಟ್ಟಿತು. ಬೆಲ್ಟ್ ತುಂಡಾಗಿತ್ತು. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮ್ ನಿಲ್ಲುತ್ತದೆ, ತೆರೆದುಕೊಂಡೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಬಡಿಯುತ್ತದೆ. ಇಪ್ಪತ್ತರಲ್ಲಿ ಹದಿನಾಲ್ಕು ವಾಲ್ವ್ ಬಾಗಿದ್ದವು. ಲಾರಿಯ ಮೇಲೆ ಹೇರಿಕೊಂಡು ದಾವಣಗೆರೆಗೆ ವಾಪಸು ತಂದೆ. ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸಿ ಕೂಡಿಸಲು ಎರಡೂವರೆ ತಿಂಗಳು ಹಿಡಿಯಿತು. ಬೆಲ್ಟಿಗೆ ಕಿಲೋಮೀಟರಿನ ಲೆಕ್ಕ ಒಂದಾದರೆ ವರ್ಷದ ಲೆಕ್ಕ ಇನ್ನೊಂದು. ಐದು ವರ್ಷ ದಾಟಿದ ಬೆಲ್ಟನ್ನು ನಾನು ಈಗ ಕಣ್ಣಿನಿಂದ ನೋಡಿ ಅಳೆಯುವುದಿಲ್ಲ, ತೆಗೆಸಿಬಿಡುತ್ತೇನೆ. ನೀವೂ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಬದಲಿಸಿದ ಮೇಲೆಯೇ ಕಾರನ್ನು ದೂರದ ಊರಿಗೆ ಒಯ್ಯಿರಿ.

ಇನ್ನು ಟರ್ಬೊ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯೇ ಅದರ ಚಕ್ರವನ್ನು ತಿರುಗಿಸುತ್ತದೆ. ಭಾರ ಬಿದ್ದಾಗ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅಷ್ಟು ವೇಗದಲ್ಲಿ ಅದರ ದಂಡವನ್ನು ಹೊತ್ತಿರುವುದು ಎಣ್ಣೆಯ ತೆಳ್ಳನೆಯ ಪದರ ಮಾತ್ರ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಬೇರಿಂಗ್ ಒಣಗಿರುತ್ತದೆ. ಆದ್ದರಿಂದ ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಎಂದು ಮಾಲೀಕರ ತಮ್ಮನಿಗೆ ಈಗಲೇ ಫೋನ್ ಮಾಡಿ ತಿಳಿಸಿ. ನಿಮಗೆ ತೋರಿಸಲೆಂದು ಅವರು ಹೊಸ ಬ್ಯಾಟರಿ ತಂದು ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿ ಗುರುಗುಟ್ಟಿಸುವುದೇ ನನಗಿರುವ ದೊಡ್ಡ ಭಯ.

ನೋಡಲು ಹೋಗುವಾಗ ಒಬ್ಬ ಮೆಕ್ಯಾನಿಕ್ ಜೊತೆಗಿರಲಿ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪನ್ನು ಬಿಚ್ಚಿಸಿ, ಒಳಗಿನ ಪುಟ್ಟ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಚಿಂತೆಯಿಲ್ಲ. ಹಿಂದಕ್ಕೂ ಮುಂದಕ್ಕೂ ಆಡಿದರೆ ಟರ್ಬೊ ಮುಗಿದಿದೆ ಎಂದೇ ಲೆಕ್ಕ. ಪೈಪಿನೊಳಗೆ ಎಣ್ಣೆಯ ಜಿಡ್ಡು ಇರುವುದು ಸಹಜ, ಆದರೆ ಎಣ್ಣೆ ಮಡುಗಟ್ಟಿರಬಾರದು. ಅಲ್ಲೇ ಸುತ್ತಮುತ್ತ ಸೀಸದಕಡ್ಡಿಯಷ್ಟು ದಪ್ಪದ ರಬ್ಬರ್ ಪೈಪುಗಳು ಹತ್ತಾರಿವೆ. ನನ್ನ ಕಾರಿನಲ್ಲಿ ಅಂಥ ಒಂದನ್ನು ಅದುಮಿದಾಗ ಅದು ಸುಟ್ಟ ಹಪ್ಪಳದಂತೆ ಪುಡಿಯಾಗಿ ಅಂಗೈಗೆ ಬಿತ್ತು. ಒತ್ತಡದ ಗಾಳಿ ಅಲ್ಲಿಂದ ಸೋರಿದರೆ ಪಿಕಪ್ ಇರುವುದಿಲ್ಲ. ಆಗ “ಟರ್ಬೊ ಹೋಗಿದೆ” ಎಂದು ಯಾರೋ ನಿಮ್ಮನ್ನು ಹೆದರಿಸುತ್ತಾರೆ. ಮೊದಲು ಪೈಪುಗಳನ್ನೆಲ್ಲ ಬದಲಿಸಿ.

ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಪೂರ್ತಿ ಹೊರತೆಗೆಸಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2005ರ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ, ಹಾಗಾಗಿ ಪೆಟ್ರೋಲ್ ಪೈಪುಗಳನ್ನೂ ಎಥನಾಲ್ ತಾಳುವಂಥವುಗಳಿಗೆ ಬದಲಿಸಿ.

ಓಡಿದ್ದು 31,000 ನಿಜವೇ ಎಂದು ತಿಳಿಯಲು ಕ್ಲಚ್ ಪೆಡಲಿನ ರಬ್ಬರು, ಚಾಲಕನ ಸೀಟಿನ ಬಲ ಅಂಚು, ಸರ್ವಿಸ್ ಪುಸ್ತಕ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 1205 ಎಂದಿದ್ದರೆ 2005ರ ಹನ್ನೆರಡನೇ ವಾರದ ಟೈರ್. ಅದು ಸಿಕ್ಕರೆ ಮೀಟರು ನಿಜ ಹೇಳುತ್ತಿದೆ ಎನ್ನಲು ಒಂದು ಸಾಕ್ಷಿ ಸಿಕ್ಕಂತೆ. ಆದರೆ ಅದೇ ಟೈರಿನ ಮೇಲೆ ಹತ್ತಿರದ ಹರಿಹರದವರೆಗೂ ಹೋಗಬೇಡಿ.

ಕಾಗದಪತ್ರದ ವಿಷಯ. ಖಾಸಗಿ ಕಾರಿನ ಆರ್‌.ಸಿ.ಗೆ ಹದಿನೈದು ವರ್ಷ ಆಯಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಕಾರಿನದು 2020ರಲ್ಲೇ ಮುಗಿದಿರಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 2025ರಿಂದ 10,000 ರೂಪಾಯಿ. ತಡವಾದ ತಿಂಗಳುಗಳ ದಂಡ, ಹಸಿರು ತೆರಿಗೆ ಬೇರೆ. ನವೀಕರಣ ಮಾಲೀಕರ ಹೆಸರಿನಲ್ಲೇ ಆಗಲಿ, ಆಮೇಲೆ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ. ಮಾಲೀಕರು ವಿದೇಶದಲ್ಲಿರುವುದರಿಂದ ತಮ್ಮನಿಗೆ ಅಧಿಕಾರಪತ್ರ ಕೊಟ್ಟಿದ್ದಾರೆಯೇ ಎಂದು ಮೊದಲೇ ಕೇಳಿ. ಅದು ಇಲ್ಲದಿದ್ದರೆ ಮುಂಗಡವನ್ನೂ ಕೊಡಬೇಡಿ.

ಅವರು ಕೇಳುತ್ತಿರುವ ನಾಲ್ಕೂವರೆ ಲಕ್ಷ ನನ್ನ ದೃಷ್ಟಿಯಲ್ಲಿ ಹೆಚ್ಚು. ನಾನು ಮೊದಲ ವರ್ಷ ವಾಲ್ವ್ ಕೆಲಸ ಬಿಟ್ಟು ಬರೀ ರಬ್ಬರು, ಟೈರು, ಬ್ರೇಕು, ಬೆಲ್ಟುಗಳಿಗೆಂದೇ ಒಂದು ಲಕ್ಷ ಅರವತ್ತು ಸಾವಿರ ಹಾಕಿದೆ. ಆ ಮೊತ್ತವನ್ನು ಅವರ ಮುಂದಿಟ್ಟು, ಅದನ್ನು ಕಳೆದೇ ಬೆಲೆ ಹೇಳಿ.

ಇಷ್ಟೆಲ್ಲ ಆಗಿ ಕೀಲಿ ಕೈಗೆ ಬಂದ ಮೇಲೆ ಮೊದಲ ಐನೂರು ಕಿ.ಮೀ. ಮೆತ್ತಗೆ ಓಡಿಸಿ. ವಾರಕ್ಕೊಮ್ಮೆಯಾದರೂ ಆನಗೋಡಿನವರೆಗೆ ಹೋಗಿ ಬನ್ನಿ. ಮನೆಗೆ ಬಂದ ಕೂಡಲೇ ಕೀಲಿ ತಿರುಗಿಸಬೇಡಿ, ಒಂದು ನಿಮಿಷ ಎಂಜಿನ್ ಹಾಗೇ ಓಡುತ್ತಿರಲಿ. ಕೆಂಪಗೆ ಕಾದ ಟರ್ಬೊದಲ್ಲಿ ಎಣ್ಣೆ ನಿಂತರೆ ಅಲ್ಲೇ ಸುಟ್ಟು ಕರಿಯಾಗುತ್ತದೆ. ಆಮೇಲೆ ಬಾನೆಟ್ ಎತ್ತಿ ಮೂಸಿ ನೋಡಿ. ಸಿಹಿ ವಾಸನೆ ಬಂದರೆ ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಎಲ್ಲೋ ಸೋರುತ್ತಿದೆ.