ಗ್ರಾಮ್ ನೆಗೆಟಿವ್ ಅಂದ್ರೆ ಸೋಂಕಿಲ್ಲ ಅಂತಲ್ಲ

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ಮೂರು ತಿಂಗಳಲ್ಲಿ ಇದು ಎರಡನೇ ಸಲ ಉರಿಮೂತ್ರ. ಕಲ್ಚರ್ ರಿಪೋರ್ಟಿನಲ್ಲಿ ‘ಗ್ರಾಮ್ ನೆಗೆಟಿವ್ ಬ್ಯಾಸಿಲೈ, ಇ. ಕೋಲೈ’ ಎಂದಿದೆ. ನೆಗೆಟಿವ್ ಅಂದ ಮೇಲೆ ಸೋಂಕಿಲ್ಲ ಅಂತ ಅಲ್ವಾ? ಆದರೂ ಡಾಕ್ಟರು ಮಾತ್ರೆ ಬರೆದಿದ್ದಾರೆ. ಮಗನ ಗಂಟಲುನೋವಿಗೆ ತಂದ ಪೆನಿಸಿಲಿನ್ ಮಾತ್ರೆ ಮನೆಯಲ್ಲಿ ಉಳಿದಿದೆ, ಅದನ್ನೇ ಕೊಡಬಹುದಾ? ದಿನಕ್ಕೆ ಹತ್ತು ಸಲ ಮೂತ್ರಕ್ಕೆ ಹೋಗುತ್ತಾರೆ. ರೋಗಾಣು ತೊಳೆದು ಹೋಗುವುದಿಲ್ಲ ಯಾಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಒಂದು ಮಾತು ತಂಗಿ. ಡಾಕ್ಟರು ಬರೆದ ಮಾತ್ರೆ ನಿಲ್ಲಿಸಬೇಡಿ. ರಿಪೋರ್ಟಿನಲ್ಲಿ ಇ. ಕೋಲೈ ಎಂದು ಹೆಸರು ಬಂದಿದೆ ಅಂದರೆ ರೋಗಾಣು ಸಿಕ್ಕಿದೆ ಎಂದೇ ಅರ್ಥ. ನಾನು ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ‘ನೆಗೆಟಿವ್ ಬಂದಿದೆ, ದೇವರು ದೊಡ್ಡವನು’ ಎಂದು ಖುಷಿಯಾಗಿ ಹೊರಟವರನ್ನು ಬಾಗಿಲಿನವರೆಗೆ ಓಡಿಹೋಗಿ ವಾಪಸ್ ಕರೆದಿದ್ದೇನೆ.

ಗ್ರಾಮ್ ಅಂದರೆ ಇಲ್ಲಿ ತೂಕವೂ ಅಲ್ಲ. ಅದು ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯರ ಹೆಸರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ರೋಗಾಣುಗಳು ಕಣ್ಣಿಗೆ ಕಾಣುವ ಹಾಗೆ ಮಾಡಲು ಅವರು ಬರ್ಲಿನ್ನಿನಲ್ಲಿ ಬಣ್ಣಗಳ ಜೊತೆ ಪ್ರಯತ್ನ ನಡೆಸಿದ್ದರು. ವಿಧಾನ ಪ್ರಕಟವಾಗಿದ್ದು 1884ರಲ್ಲಿ. ನಾವು ಇವತ್ತಿಗೂ ಹೆಚ್ಚುಕಮ್ಮಿ ಅದನ್ನೇ ಮಾಡುತ್ತೇವೆ. ಗಾಜಿನ ಸ್ಲೈಡಿನ ಮೇಲೆ ಮಾದರಿ ಸವರಿ, ಸ್ಪಿರಿಟ್ ದೀಪದ ಉರಿಗೆ ಸ್ವಲ್ಪ ತೋರಿಸುತ್ತೇವೆ. ಒಂದು ನಿಮಿಷ ನೇರಳೆ ಬಣ್ಣ, ಒಂದು ನಿಮಿಷ ಅಯೋಡಿನ್, ಆಮೇಲೆ ಕೆಲವೇ ಸೆಕೆಂಡು ಆಲ್ಕೋಹಾಲ್. ಕೊನೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ. ನೇರಳೆ ಉಳಿಸಿಕೊಂಡದ್ದು ಗ್ರಾಮ್ ಪಾಸಿಟಿವ್. ನೇರಳೆ ಬಿಟ್ಟುಕೊಟ್ಟು ಗುಲಾಬಿಯಾದದ್ದು ಗ್ರಾಮ್ ನೆಗೆಟಿವ್. ನಿಮ್ಮ ಅತ್ತೆಯವರ ರಿಪೋರ್ಟಿನಲ್ಲಿರುವ ‘ನೆಗೆಟಿವ್’ ಅಷ್ಟೇ. ಬ್ಯಾಸಿಲೈ ಅಂದರೆ ಕಡ್ಡಿ ಆಕಾರದ ರೋಗಾಣುಗಳು.

ಆ ಆಲ್ಕೋಹಾಲ್ ಹಾಕುವ ಗಳಿಗೆ ಇದೆಯಲ್ಲ, ಎಲ್ಲ ನಿಂತಿರೋದು ಅದರ ಮೇಲೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಂದು ಕೀವಿನ ಸ್ಲೈಡನ್ನು ಜಾಸ್ತಿ ಹೊತ್ತು ತೊಳೆದುಬಿಟ್ಟೆ. ನೇರಳೆ ಕಾಣಬೇಕಾದ ದುಂಡು ರೋಗಾಣುಗಳು ಗುಲಾಬಿಯಾಗಿ ಕಂಡವು. ಹಾಗೆಯೇ ಬರೆದೂ ಬಿಟ್ಟೆ. ನಮ್ಮ ಹಿರಿಯ ಮೇಡಂ ಮೈಕ್ರೋಸ್ಕೋಪಿನಲ್ಲಿ ನೋಡಿ, ‘ದ್ರಾಕ್ಷಿ ಗೊಂಚಲಿನ ಹಾಗೆ ಕೂತಿದೆ, ಬಣ್ಣ ಮಾತ್ರ ಬೇರೆ ಹೇಳ್ತಿದೆ, ಮತ್ತೆ ಮಾಡು’ ಎಂದರು. ಮಾಡಿದೆ. ಅಚ್ಚ ನೇರಳೆ. ಅವತ್ತಿನಿಂದ, ಬಣ್ಣ ಮೊದಲೇ ಗೊತ್ತಿರುವ ಎರಡು ರೋಗಾಣುಗಳನ್ನು ಅದೇ ಸ್ಲೈಡಿನ ಎರಡು ತುದಿಗೆ ಸವರಿಕೊಂಡು, ಅವುಗಳ ಬಣ್ಣ ಸರಿ ಬಂದರೆ ಮಾತ್ರ ಮಧ್ಯದ್ದನ್ನು ನಂಬುತ್ತಿದ್ದೆ. ಯಾಕೆಂದರೆ ಡಾಕ್ಟರು ಮೊದಲ ಔಷಧಿ ಆರಿಸೋದು ಆ ಬಣ್ಣ ನೋಡಿಯೇ.

ಬಣ್ಣಕ್ಕೂ ಔಷಧಿಗೂ ಏನು ನಂಟು? ಗೋಡೆ. ಇ. ಕೋಲೈ ಸುಮಾರು ಎರಡು ಮೈಕ್ರೋಮೀಟರ್ ಉದ್ದ. ಐನೂರನ್ನು ಸಾಲಾಗಿ ಮಲಗಿಸಿದರೆ ಒಂದು ಮಿಲಿಮೀಟರ್. ಇಷ್ಟು ಸಣ್ಣ ಜೀವಕ್ಕೂ ಒಳಗಿನಿಂದ ಬಲವಾದ ಒತ್ತಡ ಇರುತ್ತದೆ. ಒಡೆಯದಂತೆ ಹಿಡಿದಿಡುವುದು ಒಂದು ಬಲೆ. ನಮ್ಮ ಈರುಳ್ಳಿ ಚೀಲ ನೆನಪು ಮಾಡಿಕೊಳ್ಳಿ. ಸಕ್ಕರೆಯ ಜಾತಿಯ ಎರಡು ಕಣಗಳನ್ನು ಒಂದಾದ ಮೇಲೊಂದು ಪೋಣಿಸಿದ ಉದ್ದ ದಾರಗಳು, ಅವುಗಳ ನಡುವೆ ಪ್ರೋಟೀನಿನ ಪುಟ್ಟ ತುಂಡುಗಳ ಗಂಟು. ಇದಕ್ಕೆ ಪೆಪ್ಟಿಡೋಗ್ಲೈಕನ್ ಎನ್ನುತ್ತಾರೆ. ಗ್ರಾಮ್ ಪಾಸಿಟಿವ್‌ನಲ್ಲಿ ಇಂಥ ಚೀಲ ಒಂದರ ಮೇಲೊಂದು ಹತ್ತಾರು ಪದರ. ದಪ್ಪ 20ರಿಂದ 80 ನ್ಯಾನೋಮೀಟರ್. ನೇರಳೆ ಬಣ್ಣ ಅದರೊಳಗೆ ಸಿಕ್ಕಿಕೊಂಡು ಹೊರಬರುವುದಿಲ್ಲ. ಗ್ರಾಮ್ ನೆಗೆಟಿವ್‌ನಲ್ಲಿ ಬಲೆ ತೀರಾ ತೆಳ್ಳಗೆ, ಕೆಲವೇ ನ್ಯಾನೋಮೀಟರ್. ಹಾಗಂತ ಅದು ಬಡಪಾಯಿ ಅಲ್ಲ. ಬಲೆಯ ಮೇಲೆ ಇನ್ನೊಂದು ಪೊರೆ ಹೊದ್ದಿರುತ್ತದೆ. ಮಲೆನಾಡಿನ ಮಳೆಗೆ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕುತ್ತಾರಲ್ಲ, ಹಾಗೆ. ಈ ಕೊಪ್ಪೆ ಕೊಬ್ಬಿನದು. ಆಲ್ಕೋಹಾಲ್ ತಗುಲಿದರೆ ಕರಗುತ್ತದೆ, ತೆಳು ಬಲೆಗೆ ಬಣ್ಣ ಹಿಡಿದಿಡಲು ಆಗುವುದಿಲ್ಲ.

ಈಗ ನಿಮ್ಮ ಪೆನಿಸಿಲಿನ್ ಮಾತ್ರೆ. ರೋಗಾಣು ಬೆಳೆಯುವಾಗ ಬಲೆಗೆ ಹೊಸ ಗಂಟು ಹಾಕುತ್ತಲೇ ಇರಬೇಕು. ಪೆನಿಸಿಲಿನ್ ಆ ಗಂಟು ಹಾಕುವ ಕೆಲಸವನ್ನೇ ತಡೆಯುತ್ತದೆ. ಬಲೆ ಸಡಿಲವಾಗಿ, ರೋಗಾಣು ತನ್ನದೇ ಒತ್ತಡಕ್ಕೆ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲ. ಗಂಟಲಿನ ಸ್ಟ್ರೆಪ್ಟೋಕಾಕಸ್ ಗ್ರಾಮ್ ಪಾಸಿಟಿವ್, ಅದಕ್ಕೆ ಕೊಪ್ಪೆ ಇಲ್ಲ, ಮಾತ್ರೆ ಸಲೀಸಾಗಿ ತಲುಪುತ್ತದೆ. ಇ. ಕೋಲೈಯ ಕೊಪ್ಪೆ ದಾಟುವುದು ಹಳೇ ಪೆನಿಸಿಲಿನ್‌ಗೆ ಕಷ್ಟ. ಕೊಪ್ಪೆಯಲ್ಲಿ ಪೋರಿನ್ ಎಂಬ ಕಿರುಕಿಂಡಿಗಳಿವೆ. ಅವುಗಳಲ್ಲಿ ನುಸುಳಬಲ್ಲ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಆಮೇಲೆ ಬಂದವು. ಆದರೆ ಬಲೆಗೂ ಕೊಪ್ಪೆಗೂ ನಡುವಿನ ಸಂದಿಯಲ್ಲಿ, ಅಂಥ ಔಷಧಿಯನ್ನು ಕತ್ತರಿಸುವ ಕಿಣ್ವ ಇಟ್ಟುಕೊಂಡಿರುವ ಇ. ಕೋಲೈ ಈಗ ಸಾಮಾನ್ಯ. ಅದಕ್ಕೇ ರಿಪೋರ್ಟಿನ ಕೆಳಗೆ ಔಷಧಿಗಳ ಪಟ್ಟಿ, ಪಕ್ಕದಲ್ಲಿ ‘ಎಸ್’, ‘ಆರ್’ ಎಂದು ಇರುತ್ತದೆ. ಎಸ್ ಅಂದರೆ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಮಗನ ಮಾತ್ರೆ ಕೊಡಬೇಡಿ.

ತೊಳೆದು ಹೋಗುವುದಿಲ್ಲ ಯಾಕೆ ಅಂತ ಕೇಳಿದಿರಿ. ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಇ. ಕೋಲೈಯ ಮೈತುಂಬ ಫಿಂಬ್ರಿಯೆ ಎಂಬ ಸಣ್ಣ ಕೂದಲುಗಳಿರುತ್ತವೆ. ಒಂದೊಂದರ ತುದಿಯಲ್ಲೂ ಅಂಟಿಕೊಳ್ಳುವ ಪ್ರೋಟೀನ್. ನಮ್ಮ ಮೂತ್ರಕೋಶದ ಒಳಮೈಯಲ್ಲಿ ಮ್ಯಾನೋಸ್ ಎಂಬ ಸಕ್ಕರೆ ಇದೆ, ಅದನ್ನು ಕಚ್ಚಿ ಹಿಡಿಯುತ್ತದೆ. ಉತ್ತರಾಣಿ ಕಾಯಿ ಸೀರೆ ಅಂಚಿಗೆ ಅಂಟಿದ ಹಾಗೆ. ಇನ್ನೂ ಸೋಜಿಗ ಅಂದರೆ, ಹರಿವಿನ ಎಳೆತ ಬಂದಾಗ ಆ ಹಿಡಿತ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಹಾಗಂತ ಅತ್ತೆಯವರು ನೀರು ಕುಡಿಯೋದು ಬಿಡಬಾರದು. ಅಂಟದೆ ಓಡಾಡಿಕೊಂಡಿರುವ ರೋಗಾಣು ಹೊರಹೋಗಲು ಅದು ಬೇಕು. ಓಡಾಟಕ್ಕೆ ಅವಕ್ಕೆ ಫ್ಲಜೆಲ್ಲಾ ಎಂಬ ಉದ್ದ ಬಾಲಗಳಿವೆ, ಬುಡದಲ್ಲಿ ನಿಜವಾಗಲೂ ಗಿರಗಿರ ತಿರುಗುವ ಯಂತ್ರ. ಅದರ ಕಥೆಯೇ ಒಂದು ಪುಟ ಬೇಕು, ಇನ್ನೊಮ್ಮೆ ಬರೆಯುತ್ತೇನೆ.

ಕೊನೆಯದಾಗಿ ಆ ಕೊಪ್ಪೆಯ ಬಗ್ಗೆ ಒಂದು ಎಚ್ಚರಿಕೆ. ಅದರ ಹೊರಮೈಯ ಕೊಬ್ಬೇ ಒಂದು ವಿಷ, ಎಂಡೋಟಾಕ್ಸಿನ್. ಸೋಂಕು ರಕ್ತಕ್ಕೆ ಇಳಿದರೆ ಚಳಿ ನಡುಕ, ಜ್ವರ ಬರುತ್ತದೆ, ಬಿಪಿ ಕುಸಿಯಬಹುದು. ವಯಸ್ಸಾದವರಲ್ಲಿ ಕೆಲವು ಸಲ ಜ್ವರವೇ ಇರುವುದಿಲ್ಲ, ಸುಮ್ನೆ ಮಂಕಾಗುತ್ತಾರೆ, ಮಾತು ತಡವರಿಸುತ್ತದೆ. ಹಾಗೇನಾದರೂ ಕಂಡರೆ, ಅಥವಾ ಸೊಂಟದ ಮೇಲ್ಗಡೆ ಪಕ್ಕೆಯಲ್ಲಿ ನೋವು ಎಂದರೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ರಿಪೋರ್ಟ್ ಜೊತೆಗಿರಲಿ.