ನೂರು ಪುಟದ ಲೆಕ್ಕ ಬಿಡಿ, ಭಾಗದ ಲೆಕ್ಕ ಹಿಡಿಯಿರಿ

ಓದುಗರ ಪತ್ರ: ನಾವು ಐವರು ಗೆಳೆಯರು ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಒಟ್ಟಿಗೆ ಓದಲು ಎರಡು ಸಲ ಕೂತೆವು. ತಿಂಗಳಿಗೆ ನೂರು ಪುಟ ಎಂದು ನಿಗದಿ ಮಾಡಿಕೊಂಡಿದ್ದೆವು. ಮೊದಲ ಸಲ ಆರಂಭದ ಪಾರ್ಟಿಯಲ್ಲೇ ಹೆಸರುಗಳು ಗೋಜಲಾಗಿ ಬಿಟ್ಟೆವು, ಎರಡನೇ ಸಲ ಯುದ್ಧ ಶುರುವಾಗುತ್ತಿದ್ದಂತೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ಇಬ್ಬರ ಬಳಿ ಕನ್ನಡ ಅನುವಾದವಿದೆ, ಉಳಿದ ಮೂವರ ಬಳಿ ಬೇರೆ ಬೇರೆ ಇಂಗ್ಲಿಷ್ ಅನುವಾದಗಳು. ನಾವು ಎಡವಿದ್ದೆಲ್ಲಿ? ಇದನ್ನು ಮುಗಿಸಿದ ಮೇಲೆ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೂ ಹೀಗೇ ಓದಬಹುದೆ?

ಸಂಪಾದಕರ ಉತ್ತರ:

ನಿಮ್ಮ ಗುಂಪಿನಲ್ಲಿ ಆಸಕ್ತಿ ಕಡಿಮೆ ಇರಲಿಲ್ಲ. ಎರಡು ಸಲ ಶುರು ಮಾಡಿದ್ದೀರಿ, ಮೂರನೇ ಸಲಕ್ಕೆ ಪತ್ರ ಬರೆದಿದ್ದೀರಿ. ಕೆಟ್ಟದ್ದು ‘ತಿಂಗಳಿಗೆ ನೂರು ಪುಟ’ ಎಂಬ ಒಪ್ಪಂದದಿಂದ. ಐದು ಪ್ರತಿಗಳಲ್ಲಿ ನೂರನೇ ಪುಟ ಐದು ಕಡೆ ಬರುತ್ತದೆ. ಒಬ್ಬರು ಔತಣದ ಮಧ್ಯದಲ್ಲಿ ನಿಂತಿರುತ್ತಾರೆ, ಇನ್ನೊಬ್ಬರು ಸಾವಿನ ಮನೆಯಲ್ಲಿ. ಯಾರ ಕೈಯಲ್ಲೂ ಒಂದು ಇಡಿಯಾದ ತುಂಡು ಇಲ್ಲದಿರುವಾಗ ಮಾತು ಹುಟ್ಟುವುದು ಕಷ್ಟ. ‘ಎಲ್ಲಿಯವರೆಗೆ ಬಂದಿರಿ’ ಎಂದು ಕೇಳುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಈ ಕಾದಂಬರಿಯನ್ನು ತುಂಡು ಮಾಡುವ ಕೆಲಸವನ್ನು ಟಾಲ್‌ಸ್ಟಾಯ್ ತಾವೇ ಮಾಡಿಟ್ಟಿದ್ದಾರೆ. 4 ಸಂಪುಟ, ಅವುಗಳಲ್ಲಿ ಕ್ರಮವಾಗಿ 3, 5, 3, 4 ಭಾಗ, ಕೊನೆಗೆ ಎರಡು ಭಾಗದ ಉಪಸಂಹಾರ. ಒಟ್ಟು 17 ಭಾಗ, 361 ಅಧ್ಯಾಯ. ಅಧ್ಯಾಯಗಳು ಚಿಕ್ಕವು, ಹೆಚ್ಚಿನವು ಕೆಲವೇ ಪುಟದವು. ವಾರಕ್ಕೆ ಏಳರಂತೆ ಓದಿದರೆ 52 ವಾರಕ್ಕೆ ಮುಗಿಯುತ್ತದೆ. ದಿನಕ್ಕೊಂದು ಎಂದು ಹಟ ಹಿಡಿಯಬೇಡಿ. ಮನೆಯಲ್ಲೊಂದು ಮದುವೆ ಬಂದರೆ ಹತ್ತು ಅಧ್ಯಾಯ ಬಾಕಿ ಬೀಳುತ್ತವೆ, ದಿನದ ಲೆಕ್ಕ ಇಟ್ಟವರಿಗೆ ಆ ಬಾಕಿ ದಂಡದ ಹಾಗೆ ಕಾಣುತ್ತದೆ. ವಾರದ ಲೆಕ್ಕವಾದರೆ ಒಂದು ಭಾನುವಾರದಲ್ಲಿ ಸರಿಹೋಗುತ್ತದೆ.

ಪ್ರತಿ ಭಾಗದ ಕೊನೆಗೆ ಒಮ್ಮೆ ಸೇರಿ. ಭಾಗಗಳು ಒಂದೇ ಅಳತೆಯವಲ್ಲ, ಆದ್ದರಿಂದ ‘ಪ್ರತಿ ಎರಡನೇ ಶನಿವಾರ’ ಎಂಬಂಥ ನಿಯಮ ಇಲ್ಲಿ ನಡೆಯುವುದಿಲ್ಲ. ಎರಡನೇ ಸಂಪುಟದ ನಾಲ್ಕನೇ ಭಾಗದಲ್ಲಿ 13 ಅಧ್ಯಾಯಗಳಷ್ಟೇ, ಎರಡು ವಾರ ಸಾಕು. ಅದರ ಹಿಂದಿನ ಭಾಗದಲ್ಲಿ 26, ನಾಲ್ಕು ವಾರ ಬೇಕು. ಅಧ್ಯಾಯಗಳ ಸಂಖ್ಯೆಯನ್ನು ಏಳರಿಂದ ಭಾಗಿಸಿ, ವರ್ಷದ ದಿನಾಂಕಗಳನ್ನು ಮೊದಲೇ ಗುರುತು ಹಾಕಿ ಐವರಿಗೂ ಕೊಡಿ.

ನಾಲ್ಕು ಭಾಗಗಳನ್ನು ಮಾತ್ರ ಒಡೆಯಬೇಕು. ಮೊಟ್ಟಮೊದಲ ಭಾಗವನ್ನು ಆರು ಅಧ್ಯಾಯಕ್ಕೇ ನಿಲ್ಲಿಸಿ, ಅಂದರೆ ದೊಲೊಖೋವ್ ಕಿಟಕಿಯ ಅಂಚಿನಲ್ಲಿ ಕೂತು ರಮ್ ಬಾಟಲಿ ಬರಿದುಮಾಡುವ ಪಂದ್ಯದ ತನಕ. ಮೂರನೇ ಸಂಪುಟದ ಎರಡನೇ ಭಾಗದಲ್ಲಿ 39 ಅಧ್ಯಾಯಗಳಿವೆ. ಪಿಯೆರ್ ಮಾಸ್ಕೋದಿಂದ ಸೈನ್ಯವಿರುವ ಕಡೆಗೆ ಹೊರಡುವಲ್ಲಿ, 18ನೇ ಅಧ್ಯಾಯದ ಕೊನೆಗೆ, ನಿಲ್ಲಿಸಿ. ನೆಪೋಲಿಯನ್ ಸೈನ್ಯದ ಜೊತೆಗಿನ ಬೊರೊದಿನೋ ಕದನ ಇಡಿಯಾಗಿ ಮುಂದಿನ ಭೇಟಿಗೆ ಸಿಗುತ್ತದೆ. ಅದರ ಮುಂದಿನ ಭಾಗದ 34 ಅಧ್ಯಾಯಗಳನ್ನು ರೊಸ್ತೋವ್ ಕುಟುಂಬದ ಗಾಡಿಗಳು ಮಾಸ್ಕೋ ಬಿಟ್ಟು ಹೊರಡುವ 17ನೇ ಅಧ್ಯಾಯಕ್ಕೆ ಕತ್ತರಿಸಿ. ಉಪಸಂಹಾರದ ಎರಡನೇ ಭಾಗವನ್ನು ಯಾಕೆ ಒಡೆಯಬೇಕೆಂದು ಮುಂದೆ ಹೇಳುತ್ತೇವೆ. ಒಟ್ಟು 21 ಭೇಟಿ.

ಗುರುತನ್ನು ಯಾವಾಗಲೂ ಘಟನೆಯಿಂದ ಹೇಳಿ, ಸಂಖ್ಯೆಯಿಂದ ಮಾತ್ರ ಹೇಳಬೇಡಿ. ಮಾಡ್ ದಂಪತಿಯ ಇಂಗ್ಲಿಷ್ ಅನುವಾದದಲ್ಲಿ ಇದೇ ಕಾದಂಬರಿ 15 ಪುಸ್ತಕ, ಎರಡು ಉಪಸಂಹಾರ, 365 ಅಧ್ಯಾಯಗಳಾಗಿ ಹಂಚಿಕೊಂಡಿದೆ. ದೊಲೊಖೋವನ ಪಂದ್ಯ ಅಲ್ಲಿ ಆರನೆಯದರ ಬದಲು ಒಂಬತ್ತನೇ ಅಧ್ಯಾಯದಲ್ಲಿ ಬರುತ್ತದೆ. ‘ಆರನೇ ಅಧ್ಯಾಯದ ತನಕ’ ಎಂದರೆ ಆ ಪ್ರತಿ ಹಿಡಿದವರು ಕಿಟಕಿಯ ಹತ್ತಿರವೂ ಬಂದಿರುವುದಿಲ್ಲ.

ಪ್ರತಿಗಳು ಬೇರೆಬೇರೆ ಇರುವುದನ್ನು ದೋಷವೆಂದು ತಿಳಿಯಬೇಡಿ. ಕನ್ನಡದಲ್ಲಿ ದೇ. ಜವರೇಗೌಡರ ಅನುವಾದವೂ ಓ.ಎಲ್. ನಾಗಭೂಷಣಸ್ವಾಮಿ ಅವರ ಅನುವಾದವೂ ಇವೆ. ನಿಮ್ಮ ಇಬ್ಬರ ಬಳಿ ಒಂದೊಂದು ಇದ್ದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ಓದುವವರಲ್ಲಿ ಒಬ್ಬರಾದರೂ 2007ರ ಪೆವಿಯರ್–ವೊಲೊಖೊನ್‌ಸ್ಕಿ ಅನುವಾದ ಹಿಡಿಯಲಿ. ಮೂಲದಲ್ಲಿ ಶ್ರೀಮಂತರು ಫ್ರೆಂಚ್‌ನಲ್ಲಿ ಆಡುವ ಮಾತುಗಳನ್ನು ಅವರು ಫ್ರೆಂಚ್‌ನಲ್ಲೇ ಉಳಿಸಿ ಅಡಿಟಿಪ್ಪಣಿಯಲ್ಲಿ ಅರ್ಥ ಕೊಟ್ಟಿದ್ದಾರೆ. ಯಾರು, ಯಾವಾಗ ರಷ್ಯನ್ ಬಿಟ್ಟು ಫ್ರೆಂಚ್‌ಗೆ ಜಾರುತ್ತಾರೆ ಎಂಬುದನ್ನು ಆ ಪ್ರತಿಯವರು ಉಳಿದವರಿಗೆ ತಿಳಿಸುವ ಹೊಣೆ ಹೊರಲಿ. ಪಾತ್ರಗಳ ಸೋಗು ಬಯಲಾಗುವುದು ಎಷ್ಟೋ ಸಲ ಅಲ್ಲೇ.

ಈಗ ನೀವು ಮೊದಲ ಸಲ ನಿಂತ ಜಾಗ. 1805ರ ಜುಲೈನಲ್ಲಿ ಆನ್ನಾ ಪಾವ್ಲೋವ್ನಾ ಮನೆಯ ಸಂಜೆಕೂಟದಲ್ಲಿ ಬರುವ ಎಲ್ಲರನ್ನೂ ನೆನಪಿಟ್ಟುಕೊಳ್ಳಬೇಕೆಂದು ಹೊರಟರೆ ಯಾರಿಗಾದರೂ ಸುಸ್ತಾಗುತ್ತದೆ. ಇಡೀ ಕೃತಿಯಲ್ಲಿ 500ಕ್ಕೂ ಹೆಚ್ಚು ಪಾತ್ರಗಳಿವೆ. ನೆನಪಿಡಬೇಕಾದದ್ದು ಐದು ಮನೆಗಳು: ಬೆಜೂಖೋವ್, ಬೊಲ್ಕೋನ್‌ಸ್ಕಿ, ರೊಸ್ತೋವ್, ಕುರಾಗಿನ್, ದ್ರುಬೆತ್ಸ್ಕೊಯ್. ಒಂದು ನೋಟ್‌ಬುಕ್‌ನಲ್ಲಿ ಮನೆಗೊಂದು ಪುಟ ಬಿಡಿ, ಪಾತ್ರ ಎದುರಾದಂತೆಲ್ಲ ನೀವೇ ಬರೆಯುತ್ತ ಹೋಗಿ. ಪುಸ್ತಕದ ಹಿಂದೆಮುಂದೆ ಅಚ್ಚಾದ ಪಾತ್ರಪಟ್ಟಿಯನ್ನು ನೋಡಬೇಡಿ. ಯಾರು ಯಾರ ಹೆಂಡತಿಯಾಗುತ್ತಾರೆ ಎಂಬುದನ್ನು ಕೆಲವು ಪಟ್ಟಿಗಳು ಮೊದಲೇ ಹೇಳಿಬಿಡುತ್ತವೆ.

ಹೆಸರಿನ ಕಟ್ಟು ತಿಳಿದರೆ ಅರ್ಧ ಗೋಜಲು ಬಿಡುತ್ತದೆ. ಹೆಸರಾದ ಮೇಲೆ ಅಪ್ಪನ ಹೆಸರು, ಆಮೇಲೆ ಮನೆತನ. ಗೌರವದಿಂದ ಕರೆಯುವಾಗ ಮೊದಲೆರಡು ಸಾಕು, ಮನೆಯವರು ಕರೆಯುವಾಗ ಮುದ್ದಿನ ಹೆಸರು. ನತಾಲ್ಯಾ ಇಲ್ಯಿನೀಚ್ನಾ ಎಂದರೆ ಇಲ್ಯಾನ ಮಗಳು ನತಾಶಾ. ಪ್ಯೋತ್ರ್ ಕಿರೀಲೊವಿಚ್ ಎಂದರೆ ಕಿರೀಲನ ಮಗ, ಎಲ್ಲರೂ ಪಿಯೆರ್ ಎನ್ನುವ ಅದೇ ದಡೂತಿ ಹುಡುಗ. ಹೆಂಗಸರ ಮನೆತನದ ಹೆಸರಿಗೆ ‘ಆ’ ಸೇರುತ್ತದೆ: ರೊಸ್ತೋವ್, ರೊಸ್ತೋವಾ. ಇಬ್ಬರು ಮಾರ್ಯಾಗಳ ಬಗ್ಗೆ ಎಚ್ಚರವಿರಲಿ. ಬೊಲ್ಕೋನ್‌ಸ್ಕಿ ಮನೆಯ ರಾಜಕುಮಾರಿ ಬೇರೆ, ಎಲ್ಲರಿಗೂ ಮುಖದ ಮೇಲೆ ಹೊಡೆದಂತೆ ಹೇಳುವ ಮಾರ್ಯಾ ದ್ಮಿತ್ರಿಯೆವ್ನಾ ಬೇರೆ.

ಎರಡನೇ ಸಲ ನಿಂತದ್ದು ಮೊದಲ ಸಂಪುಟದ ಎರಡನೇ ಭಾಗದಲ್ಲಿ. ಅಲ್ಲಿ ಕಥೆ ದಿವಾನಖಾನೆಗಳನ್ನು ಬಿಟ್ಟು ಒಮ್ಮೆಲೇ ಆಸ್ಟ್ರಿಯಾದ ರಸ್ತೆಗಿಳಿಯುತ್ತದೆ. ನಾವು ಹೊಂದಿಕೊಂಡ ಮುಖಗಳು ಮಾಯವಾಗುತ್ತವೆ, ಸೈನ್ಯ ಯಾಕೆ ಹಿಂದೆ ಹಿಂದೆ ಸರಿಯುತ್ತಿದೆ ಎಂಬುದೂ ತಿಳಿಯುವುದಿಲ್ಲ. ಇದಕ್ಕೆ ಒಂದು ಹಾಳೆಯ ನಕ್ಷೆ ಸಾಕು. ಎಡಗಡೆ ಬ್ರೌನೌ, ಅಲ್ಲಿಂದ ಪೂರ್ವಕ್ಕೆ ಎನ್ಸ್ ನದಿ, ಡ್ಯಾನ್ಯೂಬ್ ದಡದ ಕ್ರೆಮ್ಸ್, ಆಮೇಲೆ ಮೇಲಕ್ಕೆ ಶೋನ್‌ಗ್ರಾಬರ್ನ್, ಬ್ರುನ್ (ಇಂದಿನ ಬ್ರನೋ), ಅದರ ಪಕ್ಕದಲ್ಲೇ ಆಸ್ಟರ್‌ಲಿಟ್ಸ್. ಉಲ್ಮ್‌ನಲ್ಲಿ ಆಸ್ಟ್ರಿಯಾದ ಸೈನ್ಯ ಶರಣಾದ್ದರಿಂದ ರಷ್ಯಾದ ಸೇನಾಪತಿ ಕುತೂಜೋವ್ ಒಂಟಿಯಾಗಿ ಹಿಮ್ಮೆಟ್ಟಬೇಕಾಯಿತು ಎಂಬ ಒಂದು ಸಂಗತಿ ನೆನಪಿದ್ದರೆ ಆ ಭಾಗದ ಪ್ರತಿ ಅಧ್ಯಾಯವೂ ತನ್ನ ಜಾಗದಲ್ಲಿ ಕೂರುತ್ತದೆ. ಮೂರನೇ ಸಂಪುಟಕ್ಕೆ ಇನ್ನೊಂದು ನಕ್ಷೆ: ವಿಲ್ನಾ, ವಿತೆಬ್ಸ್ಕ್, ಸ್ಮೋಲೆನ್ಸ್ಕ್, ಬೊರೊದಿನೋ, ಮಾಸ್ಕೋ. ತಾರೀಖು ತಾಳೆಯಾಗದಿದ್ದರೆ ಗಾಬರಿ ಬೇಡ. ರಷ್ಯಾದ ಹಳೆಯ ಕ್ಯಾಲೆಂಡರ್ ಆ ಶತಮಾನದಲ್ಲಿ 12 ದಿನ ಹಿಂದಿತ್ತು, ಬೊರೊದಿನೋ ಅವರಿಗೆ 1812ರ ಆಗಸ್ಟ್ 26, ಉಳಿದ ಯುರೋಪಿಗೆ ಸೆಪ್ಟೆಂಬರ್ 7.

ಯುದ್ಧದ ಅಧ್ಯಾಯಗಳನ್ನು ಓದುವಾಗ ಯಾರು ಗೆದ್ದರು ಎಂಬುದರ ಬೆನ್ನು ಹತ್ತಬೇಡಿ, ಯಾರ ಕಣ್ಣಿಂದ ಕಾಣುತ್ತಿದೆ ಎಂದು ಕೇಳಿಕೊಳ್ಳಿ. ಚರ್ಚೆಗೆ ಇಷ್ಟು ಫಲ ಕೊಡುವ ಇನ್ನೊಂದು ಪ್ರಶ್ನೆ ಈ ಕೃತಿಯಲ್ಲಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಫ್ರೆಂಚ್ ಸೈನಿಕರು ತನ್ನತ್ತ ಓಡಿ ಬರುವಾಗ ನಿಕೊಲಾಯ್ ರೊಸ್ತೋವ್‌ಗೆ ‘ಎಲ್ಲರೂ ಇಷ್ಟೊಂದು ಪ್ರೀತಿಸುವ ನನ್ನನ್ನು ಇವರು ಕೊಲ್ಲುತ್ತಾರೆಯೇ’ ಎಂದು ನಂಬಿಕೆಯೇ ಬರುವುದಿಲ್ಲ. ಬೊರೊದಿನೋ ಕದನದ ನಡುವೆ ಪಿಯೆರ್ ಬಿಳಿ ಟೋಪಿ ಹಾಕಿಕೊಂಡು ದಾರಿಗಡ್ಡವಾಗಿ ನಿಂತಿರುತ್ತಾನೆ. ಮಾಸ್ಕೋವನ್ನು ಬಿಟ್ಟುಕೊಡಬೇಕೆ ಎಂದು ಫಿಲಿ ಎಂಬ ಹಳ್ಳಿಯಲ್ಲಿ ಸೇನಾನಿಗಳು ಸಭೆ ಸೇರಿದಾಗ ಒಲೆಯ ಮೇಲೆ ಕೂತ ಆರು ವರ್ಷದ ರೈತರ ಹುಡುಗಿ ಮಲಾಶಾ ಅದನ್ನು ನೋಡುತ್ತಾಳೆ, ತಾನು ‘ಅಜ್ಜ’ ಎನ್ನುವ ಕುತೂಜೋವ್‌ನ ಪಕ್ಷ ವಹಿಸುತ್ತಾಳೆ. ಒಪೆರಾದಲ್ಲಿ ನತಾಶಾಗೆ ಬಣ್ಣ ಬಳಿದ ರಟ್ಟು, ವಿಚಿತ್ರ ಉಡುಪಿನ ಗಂಡಸರು ಹೆಂಗಸರು ಕಾಣುತ್ತಾರೆಯೇ ಹೊರತು ಕಥೆ ಕಾಣುವುದಿಲ್ಲ. ಈ ನಾಲ್ಕನ್ನು ಒಂದರ ಪಕ್ಕ ಒಂದಿಟ್ಟು ಮಾತಾಡಿದರೆ ಒಂದು ಸಂಜೆ ಸಾಲದು. ಶೋನ್‌ಗ್ರಾಬರ್ನ್‌ನ ತೂಶಿನ್ ಎಂಬ ಚಿಕ್ಕ ಅಧಿಕಾರಿಯನ್ನಂತೂ ಮೆಲ್ಲಗೆ ಓದಿ. ಅವನ ಫಿರಂಗಿಗಳ ಕೆಲಸ ಒಂದು, ಆಮೇಲೆ ಮೇಲಧಿಕಾರಿಗಳ ಮುಂದೆ ಅವನು ನಿಂತ ಬಗೆ ಇನ್ನೊಂದು. ಎರಡನ್ನೂ ಕಂಡವನು ಆಂದ್ರೆ ಬೊಲ್ಕೋನ್‌ಸ್ಕಿ.

ಭೇಟಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಒಂದೇ ಒಂದು ಪ್ಯಾರಾ ಗುರುತು ಹಾಕಿಕೊಂಡು ಬರಲಿ, ಅದನ್ನು ಗಟ್ಟಿಯಾಗಿ ಓದಲಿ. ಓದಿದವರು ಮೊದಲು ಮಾತಾಡಬಾರದು, ಬೇರೆಯವರು ಆರಂಭಿಸಬೇಕು. ನಮ್ಮಲ್ಲಿ ಕುಮಾರವ್ಯಾಸನನ್ನು ಗಮಕಿ ವಾಚಿಸಿ ವ್ಯಾಖ್ಯಾನಕಾರರು ಬಿಡಿಸುವ ಪದ್ಧತಿಯಲ್ಲಿ ಈ ಜಾಣತನ ಮೊದಲಿನಿಂದ ಇದೆ. ಆರಿಸಿದವರೇ ವಿವರಿಸಿದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಒಬ್ಬೊಬ್ಬರ ಪ್ಯಾರಾಕ್ಕೆ ಹದಿನೈದು ನಿಮಿಷ, ಉಳಿದ ಕಾಲು ಗಂಟೆ ನೋಟ್‌ಬುಕ್ ತಾಳೆ ನೋಡುವುದಕ್ಕೆ. ಮುಂದೆ ಓದಿಕೊಂಡವರು ಮುಂದಿನ ಕಥೆ ಬಾಯಿ ಬಿಡಬಾರದು, ‘ತಡಿ, ಇವನ ಬಣ್ಣ ಮುಂದೆ ಗೊತ್ತಾಗುತ್ತೆ’ ಎಂಬ ಸೂಚನೆಯೂ ಕೂಡದು. ಹಿಂದೆ ಬಿದ್ದವರು ತಪ್ಪದೆ ಬರಲಿ. ಬಿಟ್ಟ ಅಧ್ಯಾಯಗಳನ್ನು ಗೆಳೆಯರ ಬಾಯಲ್ಲಿ ಕೇಳಿಸಿಕೊಂಡು ಅವರ ಜೊತೆಗೇ ಮುಂದಿನ ಭಾಗ ಶುರು ಮಾಡಲಿ. ಓದಿ ಮುಗಿಸಿಯೇ ಬರುತ್ತೇನೆ ಎಂದು ಮನೆಯಲ್ಲಿ ಉಳಿದವರು ಮತ್ತೆ ಬರುವುದು ಅಪರೂಪ. ತಿಂಡಿ ಚಹಾದ ಮಟ್ಟ ಮೊದಲ ದಿನವೇ ಕಡಿಮೆ ಇಟ್ಟುಬಿಡಿ. ಒಬ್ಬರ ಮನೆಯಲ್ಲಿ ಹೋಳಿಗೆಯಾದರೆ ಮುಂದಿನವರಿಗೆ ಅದು ಹೊರೆಯಾಗುತ್ತದೆ, ದಿನಾಂಕ ಮುಂದೂಡುವುದು ಅಲ್ಲಿಂದಲೇ ಶುರು.

ಎರಡನೇ ಸಂಪುಟದಲ್ಲಿ ಪಿಯೆರ್ ಫ್ರೀಮೇಸನ್ನರ ಗುಟ್ಟಿನ ಸೋದರಸಂಘ ಸೇರುವ ಅಧ್ಯಾಯಗಳು ನಿಧಾನ ಅನ್ನಿಸಬಹುದು. ಅದೇ ಭಾಗದಲ್ಲಿ ದೋಣಿ ದಾಟುವಾಗ ಪಿಯೆರ್ ಮತ್ತು ಆಂದ್ರೆ ನಡುವೆ ನಡೆಯುವ ಮಾತಿದೆ, ಅಲ್ಲಿಯವರೆಗೆ ತಾಳಿ.

ಇತಿಹಾಸ ಹೇಗೆ ನಡೆಯುತ್ತದೆ ಎಂದು ಟಾಲ್‌ಸ್ಟಾಯ್ ನೇರವಾಗಿ ವಾದಕ್ಕಿಳಿಯುವ ಅಧ್ಯಾಯಗಳು ಮೂರನೇ ಸಂಪುಟದಿಂದ ಹೆಚ್ಚುತ್ತವೆ. ಉಪಸಂಹಾರದ ಎರಡನೇ ಭಾಗದ 12 ಅಧ್ಯಾಯಗಳಲ್ಲಿ ಕಥೆ ಇಲ್ಲವೇ ಇಲ್ಲ. 1873ರ ಆವೃತ್ತಿಯಲ್ಲಿ ಅವರೇ ಇಂಥ ಅಧ್ಯಾಯಗಳನ್ನು ತೆಗೆದು ಅನುಬಂಧಕ್ಕೆ ಹಾಕಿದ್ದರು, ಮುಂದಿನ ಆವೃತ್ತಿಗಳಲ್ಲಿ ಅವು ಮರಳಿದವು. ಬಿಡಬಹುದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಡಬೇಡಿ. ಕುತೂಜೋವ್ ಯಾಕೆ ಸುಮ್ಮನೆ ಕೂರುತ್ತಾನೆ, ನೆಪೋಲಿಯನ್ ಯಾಕೆ ಅಷ್ಟು ಚಿಕ್ಕವನಾಗಿ ಕಾಣುತ್ತಾನೆ ಎಂಬುದರ ಬೇರು ಅಲ್ಲಿದೆ. ಆದರೆ ಮನೆಯಲ್ಲಿ ಒಬ್ಬರೇ ಕೂತು ಓದಿದರೆ ವಾದದ ಎಳೆ ತಪ್ಪುತ್ತದೆ. ಆರಾರು ಅಧ್ಯಾಯದಂತೆ ಎರಡು ಭೇಟಿ ಮಾಡಿ, ಮನೆಗೆಲಸ ಇಟ್ಟುಕೊಳ್ಳದೆ ಅಲ್ಲೇ ಸರದಿಯ ಮೇಲೆ ಗಟ್ಟಿಯಾಗಿ ಓದಿ, ಒಪ್ಪದ ವಾಕ್ಯ ಬಂದಲ್ಲಿ ನಿಲ್ಲಿಸಿ ಜಗಳವಾಡಿ.

ಇನ್ನು ಕುವೆಂಪು ಅವರ ಕಾದಂಬರಿ. ಧಾರಾಳವಾಗಿ ಓದಬಹುದು, ಆದರೆ ಕ್ರಮ ಬೇರೆ ಬೇಕು. ಟಾಲ್‌ಸ್ಟಾಯ್‌ನಲ್ಲಿ ಕಥೆ 1805ರಿಂದ 1820ರ ತನಕ ಹರಡಿದೆ, ನಡುವೆ ಮೂರು ವಾರ ಬಿಟ್ಟರೂ ಪಾತ್ರಗಳ ಜೊತೆ ನಾವೂ ವಯಸ್ಸಾಗುತ್ತೇವೆ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾಲದಲ್ಲಿ ಅಷ್ಟು ಉದ್ದ ಹೋಗುವುದಿಲ್ಲ, ಕಾಡಿನ ಹಾದಿಗಳಲ್ಲಿ ಹರಡುತ್ತದೆ. ಒಂದು ಹಾದಿಯಲ್ಲಿ ಹೊರಟವರನ್ನು ಬಿಟ್ಟು ಕಥೆ ಇನ್ನೊಂದು ಮನೆಗೆ ಹೋಗಿ ಬರುವಷ್ಟರಲ್ಲಿ ಮೂರು ವಾರ ಕಳೆದರೆ ಎಳೆ ಕೈತಪ್ಪುತ್ತದೆ. ಹಾಗಾಗಿ ವಾರವಾರ ಸೇರಿ, ಆರು ತಿಂಗಳಲ್ಲಿ ಮುಗಿಸಿ. ವಂಶದ ನೋಟ್‌ಬುಕ್ ಜೊತೆಗೆ ಊರು ಮನೆಗಳ ನಕ್ಷೆಯೂ ಬೇಕು: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ನಡೆದ ದಾರಿಯನ್ನು ಮೊದಲು ಎಳೆಯಿರಿ, ಉಳಿದವರ ದಾರಿಗಳು ಅದನ್ನು ಎಲ್ಲಿ ಅಡ್ಡ ಹಾಯುತ್ತವೆ ನೋಡಿ. ಸಂಭಾಷಣೆಗಳನ್ನು ಗಟ್ಟಿಯಾಗಿಯೇ ಓದಬೇಕು. ಮಲೆನಾಡಿನ ಆಡುಮಾತು ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ, ತೀರ್ಥಹಳ್ಳಿ ಕಡೆಯವರು ಗುಂಪಿನಲ್ಲಿ ಒಬ್ಬರಿದ್ದರೆ ಅವರಿಂದಲೇ ಶುರು ಮಾಡಿಸಿ. ಇದೇ ಕಾದಂಬರಿಯಿಂದ ರಂಗಾಯಣ ಮಾಡಿದ ಇಡೀ ರಾತ್ರಿಯ ನಾಟಕ ನೋಡಿದವರು ನಿಮ್ಮಲ್ಲಿದ್ದರೆ, ಓದು ಮುಗಿಯುವವರೆಗೆ ಅದರ ಮಾತನ್ನು ಅವರು ತಡೆದಿಟ್ಟುಕೊಳ್ಳಲಿ.