ಬೆಂಗಳೂರಿನ ರೇಡಿಯೋ ಸಿಟಿಗೆ ಏನಾಯಿತು? ಕುಮಟಾ, ಶಿರಸಿಯಲ್ಲಿ ಅಂಥ ಸ್ಟೇಷನ್ ಯಾಕಿಲ್ಲ?

2002ರ ಸುಮಾರಿಗೆ ಬೆಂಗಳೂರಿನಲ್ಲಿ ಓದುವಾಗ ರೇಡಿಯೋ ಸಿಟಿ ಕೇಳುತ್ತಿದ್ದಿರಿ, ಈಗ ಕೇಳಿದರೆ ಅವೇ ಹಾಡುಗಳು ತಿರುತಿರುಗಿ ಬರುತ್ತವೆ ಎಂದಿದ್ದೀರಿ. ಕುಮಟಾದ ಮನೆಯಲ್ಲಿ ಏನು ಹಿಡಿಯಬಹುದು ಎಂದೂ ಕೇಳಿದ್ದೀರಿ.

ರೇಡಿಯೋ ಸಿಟಿ ಶುರುವಾಗಿದ್ದು 2001ರ ಜುಲೈ 3ಕ್ಕೆ, ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ. ಆಗಿನ ಪರವಾನಗಿ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು, ಜಾಹೀರಾತು ಬರಲಿ ಬಿಡಲಿ. ಹರಾಜಿನಲ್ಲಿ ಗೆದ್ದ ಹಲವರು ಸ್ಟೇಷನ್ ಶುರುಮಾಡದೆಯೇ ಕೈಬಿಟ್ಟರು. ಸರಕಾರದ 2005ರ ಎಫ್‌ಎಂ ನೀತಿ ಆ ಶುಲ್ಕವನ್ನು ಆದಾಯದ ಶೇ. 4ರ ಪಾಲಿಗೆ ಬದಲಿಸಿದ ಮೇಲೆ ಉಸಿರಾಡುವಂತಾಯಿತು. ಆದರೆ ಅದೇ ಬಾಗಿಲಿನಿಂದ ಪೈಪೋಟಿಯೂ ಒಳಬಂತು. ಒಬ್ಬರೇ ಉಣ್ಣುತ್ತಿದ್ದ ಜಾಹೀರಾತಿನ ತಟ್ಟೆಗೆ ಆರೇಳು ಕೈ ಬಿದ್ದವು.

ಹಾಡಿನ ರಾಯಲ್ಟಿ ದುಬಾರಿ, ಅದಕ್ಕೇ ಹಾಕಿದ್ದನ್ನೇ ಹಾಕುತ್ತಾರೆ ಎನ್ನುವವರಿದ್ದಾರೆ. ಇದು ತಪ್ಪು. 2010ರ ಆಗಸ್ಟ್‌ನಲ್ಲಿ ಕಾಪಿರೈಟ್ ಬೋರ್ಡ್ ರಾಯಲ್ಟಿಯನ್ನು ನಿವ್ವಳ ಜಾಹೀರಾತು ಆದಾಯದ ಶೇ. 2ಕ್ಕೆ ನಿಗದಿ ಮಾಡಿತು. ಹತ್ತು ಹಾಡು ಹಾಕಿದರೂ ಸಾವಿರ ಹಾಕಿದರೂ ಆ ಲೆಕ್ಕ ಬದಲಾಗುತ್ತಿರಲಿಲ್ಲ. ನಿಜವಾದ ಕಾರಣ ಕೇಳುಗರ ಅಭ್ಯಾಸ. ಕಾರಿನಲ್ಲೋ ಆಟೋದಲ್ಲೋ ಅರ್ಧ ಗಂಟೆ ಕೇಳಿ ಇಳಿದುಹೋಗುವವರೇ ಹೆಚ್ಚು. ಅಷ್ಟರಲ್ಲಿ ಒಂದಾದರೂ ಹಿಟ್ ಹಾಡು ಕಿವಿಗೆ ಬೀಳಲೆಂದು ಚಿಕ್ಕ ಪಟ್ಟಿಯನ್ನೇ ತಿರುಗಿಸುತ್ತಾರೆ. ದಿನವಿಡೀ ಕೇಳುವ ನಮ್ಮಂಥವರಿಗೆ ಅದು ಶಿಕ್ಷೆ. ಸ್ವಂತ ಸುದ್ದಿ ಓದಲು ಖಾಸಗಿ ಎಫ್‌ಎಂಗೆ ಅನುಮತಿಯೂ ಇಲ್ಲ. ಉಳಿದದ್ದು ಹಾಡು, ಹರಟೆ. ಹಾಡು ಫೋನಿಗೆ ಬಂತು, ಆ ಫೋನಿನಿಂದ ಎಫ್‌ಎಂ ಮಾಯವಾಗತೊಡಗಿತು.

ನಮ್ಮ ಜಿಲ್ಲೆಯ ಮಾತೇ ಬೇರೆ. ಖಾಸಗಿ ಎಫ್‌ಎಂ ಪರವಾನಗಿಯ ಮೂರನೇ ಹಂತದ ಹರಾಜಿನ ಪಟ್ಟಿ ಹೆಚ್ಚಾಗಿ ಜನಸಂಖ್ಯೆ ಲಕ್ಷ ದಾಟಿದ ಊರುಗಳದ್ದು. 2011ರ ಜನಗಣತಿಯಲ್ಲಿ ಕಾರವಾರವಾಗಲಿ ಶಿರಸಿಯಾಗಲಿ ಆ ಗೆರೆ ಮುಟ್ಟಿರಲಿಲ್ಲ. ಇನ್ನು ಬೆಂಗಳೂರಿನ ಸಿಗ್ನಲ್ ಇಲ್ಲಿಗೆ ಬರುವ ಮಾತೇ ಇಲ್ಲ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಳತೆಯಷ್ಟೇ ಹೋಗುತ್ತದೆ: ಗೋಪುರ 100 ಮೀಟರ್, ನಿಮ್ಮ ಆಂಟೆನಾ 9 ಮೀಟರ್ ಎತ್ತರವಿದ್ದರೆ ಸಮತಟ್ಟು ನೆಲದಲ್ಲಿ ಸುಮಾರು 53 ಕಿ.ಮೀ. ಮಧ್ಯೆ ಘಟ್ಟ ಅಡ್ಡ ಬಂದರೆ ಅದೂ ಇಲ್ಲ. ಕಾರವಾರ ಆಕಾಶವಾಣಿಯ 102.3 ಕರಾವಳಿಯಲ್ಲಿ ಸಿಕ್ಕಂತೆ ಶಿರಸಿಯಲ್ಲಿ ಸಿಗದಿರುವುದು ಇದಕ್ಕೇ. ಘಟ್ಟದ ಮೇಲಿನವರಿಗೆ ಧಾರವಾಡದ ಮೀಡಿಯಂ ವೇವ್, 765 ಕಿಲೋಹರ್ಟ್ಸ್, ವಾಸಿ. ಆ ಅಲೆ ನೆಲಕ್ಕೆ ಅಂಟಿಕೊಂಡು ಗುಡ್ಡ ಏರಿಳಿಯುತ್ತದೆ. ಗೊರಗೊರ ಬಂದರೆ ಮೊದಲು ಮನೆಯ ಎಲ್ಇಡಿ ಬಲ್ಬು ಆರಿಸಿ ನೋಡಿ. ಆಮೇಲೆ ಸೆಟ್ಟನ್ನೇ ನಿಧಾನ ತಿರುಗಿಸಿ, ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಗೆ ದಿಕ್ಕು ಮುಖ್ಯ.

ಕುಮಟಾದಲ್ಲಿ 102.3ಕ್ಕೆ ಡೈಪೋಲ್, ಅಂದರೆ ಎರಡು ತೋಳಿನ ತಂತಿ ಆಂಟೆನಾ, ಕಟ್ಟಿಕೊಳ್ಳಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ: 1.40. ಎರಡು ತೋಳು, ತಲಾ 70 ಸೆಂ.ಮೀ. ತಾಮ್ರದ ತಂತಿ, ನಡುವಿನಿಂದ ಟಿವಿಗೆ ಬಳಸುವ 75 ಓಮ್ ಕೇಬಲ್ ಕೆಳಗಿಳಿಸಿ, ಒಳತಂತಿ ಒಂದು ತೋಳಿಗೆ, ಹೊರಜಾಲರಿ ಇನ್ನೊಂದಕ್ಕೆ. ಅಡ್ಡಲಾಗಿ, ಲಂಬವಾಗಿ ಎರಡೂ ಇಟ್ಟು ನೋಡಿ. ತಗಡಿನ ಮಾಡಿನ ಕೆಳಗಂತೂ ಬೇಡ. ಉಪ್ಪುಗಾಳಿಗೆ ಬೆಸುಗೆ ಒಂದೇ ಮಳೆಗಾಲದಲ್ಲಿ ಹಸಿರಾಗುತ್ತದೆ, ಕೇಬಲಿನ ಬಾಯಿಗೆ ನೀರು ಇಳಿಯುತ್ತದೆ. ಸಿಲಿಕೋನ್ ಮೆತ್ತಿ ಮೇಲೆ ಟೇಪು ಸುತ್ತಿ. ಗುಡುಗು ಶುರುವಾದರೆ ಕೇಬಲನ್ನು ಸೆಟ್ಟಿನಿಂದ ಕಿತ್ತಿಡಿ.

ಬೇಸಿಗೆಯ ಶಾಂತ ರಾತ್ರಿಗಳಲ್ಲಿ ಎಲ್ಲಿಂದಲೋ ಅಪರಿಚಿತ ಸ್ಟೇಷನ್ ಬಂದು ನಿಮ್ಮದನ್ನು ನುಂಗಿದರೆ ಸೆಟ್ಟು ಕೆಟ್ಟಿಲ್ಲ. ಸಮುದ್ರದ ಮೇಲೆ ತಂಪು ಗಾಳಿಯ ಪದರ, ಅದರ ಮೇಲೆ ಬೆಚ್ಚನೆಯದು ಕೂತಾಗ ಅಲೆ ನಾಳದೊಳಗೆ ಸಿಕ್ಕಂತೆ ನೂರಾರು ಕಿ.ಮೀ. ಬರುತ್ತದೆ. ಎಫ್‌ಎಂ ಸೆಟ್ಟು ಬಲವಾದದ್ದನ್ನೇ ಹಿಡಿಯುವುದರಿಂದ ಎರಡೂ ಬೆರೆಯದೆ ಒಮ್ಮೆ ಇದು, ಒಮ್ಮೆ ಅದು ಕೇಳುತ್ತದೆ. ಮಳೆಗಾಳಿ ಹಿಡಿದ ಮೇಲೆ ಆ ಪದರ ಒಡೆಯುತ್ತದೆ.

ರೇಡಿಯೋ ಸಿಟಿಯೇ ಬೇಕೆಂದರೆ ಇಂಟರ್ನೆಟ್ಟಿನಲ್ಲಿ ಕೇಳಿ. 64 ಕೆಬಿಪಿಎಸ್ ಇದ್ದರೆ ಗಂಟೆಗೆ 29 ಎಂಬಿ ಡೇಟಾ ಹೋಗುತ್ತದೆ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಅದನ್ನೂ ನಂಬಬೇಡಿ.